ಧ್ಯಾನಕ್ಕೆ ಕೂತಾಗ ಹಾಲು ಉಕ್ಕಿದರೆ?

ಟೀಚರ್‌ಗೊಂದು ಕಾಗದ: ಓದುಗರ ಪ್ರಶ್ನೆ, ಟೀಚರ್ ಉತ್ತರ

ಹೋದ ಸಂಚಿಕೆಯಲ್ಲಿ ಮಾತಿನ ಮಧ್ಯೆ ಒಂದು ಸಾಲು ಬರೆದಿದ್ದೆ. ದಿನಾ ಬೆಳಿಗ್ಗೆ ವೀಣೆ ಮುಟ್ಟುವ ಮೊದಲು ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ ಕೂರುತ್ತೇನೆ ಅಂತ. ಅಷ್ಟಕ್ಕೇ ಈ ಸಲ ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ಧ್ಯಾನದ ಬಗ್ಗೆ. ಡಿಸೆಂಬರ್ 21 ವಿಶ್ವ ಧ್ಯಾನ ದಿನ ಅಂತ ವಿಶ್ವಸಂಸ್ಥೆ 2024ರಲ್ಲಿ ಘೋಷಿಸಿದೆಯಲ್ಲ, ಆ ದಿನ ಬಂದ ಫಾರ್ವರ್ಡ್ ಮೆಸೇಜುಗಳ ಪಾಲೂ ಇರಬಹುದು. ಜನವರಿ ಬೇರೆ. ಹೊಸ ವರ್ಷದ ಹುರುಪು.

ತಮಾಷೆ ಏನೆಂದರೆ, ಹೆಸರು ಹಾಕಬೇಡಿ ಅಂತ ಎಲ್ಲರೂ ಬರೆದಿದ್ದಾರೆ. ಗಂಡ-ಹೆಂಡಿರ ಜಗಳದ ಬಗ್ಗೆ ಕೇಳಿದವರೇ ಹಿಂದೆ ಧೈರ್ಯವಾಗಿ ಹೆಸರು ಹಾಕಿಸಿಕೊಂಡಿದ್ದಾರೆ. ಕಣ್ಣು ಮುಚ್ಚಿ ಕೂರೋದಕ್ಕೆ ಇಷ್ಟು ನಾಚಿಕೆಯಾ? ಇರಲಿ, ಊರಿನ ಹೆಸರಷ್ಟೇ ಹಾಕಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಗುರುವಲ್ಲ. ಹಾಸನ ಜಿಲ್ಲೆಯ ಹೈಸ್ಕೂಲುಗಳಲ್ಲಿ 31 ವರ್ಷ ಗಣಿತ ಹೇಳಿಕೊಟ್ಟವಳು. ಉಸಿರನ್ನು ಒಂದರಿಂದ ಹತ್ತರವರೆಗೆ ಎಣಿಸಿ, ಮತ್ತೆ ಒಂದರಿಂದ ಶುರು ಮಾಡಿ ಅಂತ ಯಾರೋ ಹೇಳಿಕೊಟ್ಟರು. ಮೊದಲ ಆರು ತಿಂಗಳು ಹತ್ತು ಮುಟ್ಟಿದ ನೆನಪೇ ಇಲ್ಲ. ಒಂದು, ಎರಡು, ಮೂರು, ಅಯ್ಯೋ ಗ್ಯಾಸ್ ಬುಕ್ ಮಾಡಿಲ್ಲ! ಹತ್ತರವರೆಗೆ ಎಣಿಸಲು ಬಾರದ ಗಣಿತದ ಟೀಚರ್ ಅಂತ ಮಗಳು ಇವತ್ತಿಗೂ ಆಡಿಕೊಳ್ಳುತ್ತಾಳೆ. ಅಂಥವಳ ಉತ್ತರ ಇದು. ಅಷ್ಟಕ್ಕಷ್ಟೇ ಬೆಲೆ ಕೊಡಿ.

ಪ್ರಶ್ನೆ: ನನಗೆ 27 ವರ್ಷ. ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಕೆಎಎಸ್‌ಗೆ ಓದುತ್ತಿದ್ದೇನೆ. ಇದು ಮೂರನೇ ಪ್ರಯತ್ನ. ದಿನಾ ಬೆಳಿಗ್ಗೆ ಅರ್ಧ ಗಂಟೆ ಧ್ಯಾನ ಮಾಡುತ್ತೇನೆ. ಯೂಟ್ಯೂಬಿನಲ್ಲಿ ಹೇಳಿದ ಹಾಗೆ, ಆಗಲೇ ಅಸಿಸ್ಟೆಂಟ್ ಕಮಿಷನರ್ ಆಗಿಬಿಟ್ಟಿದ್ದೇನೆ ಅಂತ ಕಣ್ಣ ಮುಂದೆ ತಂದುಕೊಳ್ಳುತ್ತೇನೆ. ಕೆಂಪು ದೀಪದ ಕಾರು, ಊರಿಗೆ ಹೋದಾಗ ಅಪ್ಪನ ಮುಖ, ಎಲ್ಲ ಕಾಣುತ್ತದೆ. ಆ ಅರ್ಧ ಗಂಟೆ ಸ್ವರ್ಗ. ಆದರೆ ಸಂಜೆ ಐದಾದರೆ ಸಾಕು, ನನ್ನಿಂದ ಆಗಲ್ಲ ಅನ್ನಿಸಿ ಪುಸ್ತಕ ಮುಚ್ಚಿಬಿಡುತ್ತೇನೆ. ಪಾಸಿಟಿವ್ ಆಗಿರಲು ಇನ್ನೇನು ಮಾಡಬೇಕು? (ಧಾರವಾಡ)

ಉತ್ತರ: ಮಗನ ವಯಸ್ಸಿನವನು, ನೀನು ಅಂತಲೇ ಕರೆಯುತ್ತೇನೆ. ಅಧಿಕಾರಿಗಳ ಕಾರಿನ ಮೇಲಿನ ಕೆಂಪು ದೀಪವನ್ನು 2017ರ ಮೇ 1ರಿಂದಲೇ ತೆಗೆದಿದ್ದಾರಪ್ಪ. ಪ್ರಧಾನಿ ಕಾರಿನ ಮೇಲೂ ಇಲ್ಲ. ಕೆಎಎಸ್‌ಗೆ ಓದುವವನು, ನಿನಗೆ ಇದು ಗೊತ್ತಿದ್ದೇ ಇರುತ್ತದೆ. ಆದರೂ ಕಣ್ಣು ಮುಚ್ಚಿದರೆ ಕಾರಿನ ಮೇಲೆ ದೀಪ ಹತ್ತಿಕೊಳ್ಳುತ್ತದೆ. ಹಾಗಾದರೆ ಅದು ಧ್ಯಾನವಲ್ಲ, ಸಿನಿಮಾ. ಟಿಕೆಟ್ಟಿಲ್ಲದ ಸಿನಿಮಾ, ಅಷ್ಟೇ.

ನಾನು ಸುಮ್ಮನೆ ಕುಹಕಕ್ಕೆ ಹೇಳುತ್ತಿಲ್ಲ. ಗೇಬ್ರಿಯೆಲ್ ಓಟಿಂಗನ್ ಅಂತ ಒಬ್ಬ ಮನಶ್ಶಾಸ್ತ್ರಜ್ಞೆ ಇದ್ದಾರೆ, ನ್ಯೂಯಾರ್ಕ್ ವಿಶ್ವವಿದ್ಯಾಲಯದವರು. 1991ರಲ್ಲಿ ಅವರು ಪ್ರಕಟಿಸಿದ ಒಂದು ಅಧ್ಯಯನದಲ್ಲಿ ತೂಕ ಇಳಿಸಲು ಹೊರಟ 25 ಹೆಂಗಸರಿದ್ದರು. ತೆಳ್ಳಗಾದ ಮೇಲೆ ತಾವು ಹೇಗೆ ಕಾಣುತ್ತೇವೆ ಅಂತ ಚೆಂದಚೆಂದದ ಕನಸು ಕಂಡವರು, ಅಷ್ಟು ಬಣ್ಣ ಹಚ್ಚದೆ ಯೋಚಿಸಿದವರಿಗಿಂತ ಸುಮಾರು 11 ಕಿಲೋ ಕಡಿಮೆ ಇಳಿದಿದ್ದರು! ಆಮೇಲೆ ಕಾಲೇಜು ಮುಗಿಸಿ ಕೆಲಸ ಹುಡುಕುವವರನ್ನು ನೋಡಿದರು. ಕೆಲಸ ಸಿಕ್ಕ ಹಾಗೆ ಜಾಸ್ತಿ ಕಲ್ಪಿಸಿಕೊಂಡವರು ಅರ್ಜಿ ಹಾಕಿದ್ದೂ ಕಡಿಮೆ, ಅವರಿಗೆ ಬಂದ ಸಂಬಳವೂ ಕಡಿಮೆ. ಕಾರಣ ಏನಿರಬಹುದು ಹೇಳು? ಊಟ ಆದ ಹಾಗೆ ಕಲ್ಪಿಸಿಕೊಂಡವನು ಅಡುಗೆಗೆ ಯಾಕೆ ಏಳುತ್ತಾನೆ?

ಆದರೆ ಇದನ್ನೂ ಓದು. ನನ್ನ ಕೈಯಲ್ಲಿ ಇದು ಆಗುತ್ತದೆ ಅಂತ ನಂಬಿದವರಿಗೆ ಅದೇ ಅಧ್ಯಯನಗಳಲ್ಲಿ ಒಳ್ಳೆಯದೇ ಆಗಿತ್ತು. ನಂಬಿಕೆ ಬೇರೆ, ಸಿನಿಮಾ ಬೇರೆ. ಗುಡ್ಡ ಹತ್ತಬಲ್ಲೆ ಅನ್ನುವುದು ನಂಬಿಕೆ. ತುದಿಯಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವುದು ಸಿನಿಮಾ.

ನಿನ್ನ ಕಾಗದದಲ್ಲಿ ನನಗೆ ಬೇಕಾದ ಮಾತು ಒಂದೇ. ಸಂಜೆ ಐದು. ಬೆಳಗಿನ ಅರ್ಧ ಗಂಟೆ ಬಿಟ್ಟುಬಿಡು. ಐದಕ್ಕೆ ಹತ್ತು ನಿಮಿಷ ಇರುವಾಗ ಕೂರು. ಮೂಗಿನ ಹೊಳ್ಳೆಯ ಕೆಳಗೆ, ಮೇಲ್ದುಟಿಯ ಮೇಲೆ ಉಸಿರು ತಾಗುವ ಜಾಗ ಇದೆಯಲ್ಲ, ಅಲ್ಲಿ ಗಮನ ಇಡು. ಆಗಲ್ಲ ಅನ್ನೋದು ಬಂದೇ ಬರುತ್ತದೆ, ದಿನಾ ಬರುವ ಅತಿಥಿ ಅದು. ಓಡಿಸಬೇಡ. ಆಗುತ್ತೆ ಆಗುತ್ತೆ ಅಂತ ಅದರ ಬಾಯಿ ಮುಚ್ಚಿಸಲೂ ಹೋಗಬೇಡ. ಎಲ್ಲಿ ಕೂತಿದೆ ನೋಡು. ಹೊಟ್ಟೆಯಲ್ಲಾ, ಗಂಟಲಲ್ಲಾ? ಎಷ್ಟು ಹೊತ್ತು ಇರುತ್ತದೆ? ನನ್ನ ಲೆಕ್ಕದಲ್ಲಿ ನಾಲ್ಕೈದು ನಿಮಿಷದ ಮೇಲೆ ಒಂದೇ ಥರ ಇರಲ್ಲ. ಆಮೇಲೆ ಕಣ್ಣು ಬಿಟ್ಟು ಒಂದೇ ಒಂದು ಪುಟ ಓದು. ಮೊದಲೇ ಗುರುತು ಹಾಕಿಟ್ಟ ಪುಟ. ಎರಡನೆಯದು ಬೇಡ ಅನ್ನಿಸಿದರೆ ಮುಚ್ಚಿಬಿಡು, ಪರವಾಗಿಲ್ಲ.

ಇನ್ನೊಂದು. ಐದಕ್ಕೇ ಯಾಕೆ? ಆ ಹೊತ್ತಿಗೆ ಏನಾಗುತ್ತದೆ? ಮಧ್ಯಾಹ್ನದ ಊಟ ತಡವಾಗಿ ಹೊಟ್ಟೆ ಭಾರವಾ? ರೂಮ್‌ಮೇಟ್ ಬಂದು ಯಾರಿಗೆ ಎಷ್ಟು ಮಾರ್ಕ್ಸ್ ಬಂತು ಅಂತ ಶುರು ಮಾಡುತ್ತಾನಾ? ಅಪ್ಪನ ಫೋನ್ ಬರುವ ಹೊತ್ತಾ? ಹುಡುಕು. ಸಿಕ್ಕ ಮೇಲೆ ಒಂದು ಸಾಲು ಬರೆದು ಗೋಡೆಗೆ ಅಂಟಿಸು: ಹೀಗಾದರೆ ಹೀಗೆ ಮಾಡುತ್ತೇನೆ ಅಂತ. ಇನ್ನೊಂದು ಹಾಳೆಯಲ್ಲಿ ಮೂರನೇ ಸಲವೂ ಆಗದಿದ್ದರೆ ಏನು ಮಾಡುತ್ತೇನೆ ಅಂತಲೂ ಬರೆದಿಡು. ಅದಕ್ಕೆ ನೆಗೆಟಿವ್ ಅಂತ ಹೆಸರಿಡಬೇಡ. ನಿಮ್ಮಪ್ಪ ಮಳೆ ಬರುವ ಮೊದಲು ಮನೆಯ ಹೆಂಚು ಕೈಯಾಡಿಸುವುದಿಲ್ಲವಾ, ಅದೇ ಇದು.

ಪ್ರಶ್ನೆ: ನನಗೆ ಹಪ್ಪಳ, ಸಂಡಿಗೆ ಮಾಡಿ ಮಾರುವ ಆಸೆ. ಅಕ್ಕಪಕ್ಕದವರು ಒಳ್ಳೆಯ ರುಚಿ ಅನ್ನುತ್ತಾರೆ. ಧೈರ್ಯ ಬರಲಿ ಅಂತ ಬೆಳಿಗ್ಗೆ ಐದೂವರೆಗೆ ಧ್ಯಾನಕ್ಕೆ ಕೂರುತ್ತೇನೆ. ಆದರೆ ಅದೇ ಹೊತ್ತಿಗೆ ಹಾಲು ಕಾಯಲು ಇಟ್ಟಿರುತ್ತೇನೆ. ಮೊನ್ನೆ ಉಕ್ಕುವ ವಾಸನೆ ಬಂತು. ಮಧ್ಯದಲ್ಲಿ ಎದ್ದರೆ ಧ್ಯಾನದ ಫಲ ಹೋಗುತ್ತದೆ ಅಂತ ಕೂತೇ ಇದ್ದೆ. ಅರ್ಧ ಲೀಟರ್ ಹೋಯಿತು, ಅತ್ತೆಯಿಂದ ಮಂಗಳಾರತಿಯೂ ಆಯಿತು. ಏಳಬೇಕಿತ್ತಾ? (ಚನ್ನರಾಯಪಟ್ಟಣ)

ಉತ್ತರ: ಏಳಬೇಕಿತ್ತು ತಾಯಿ! ಒಲೆ ಆರಿಸಿ, ಬಂದು ಮತ್ತೆ ಕೂರಬೇಕಿತ್ತು. ನಾನು ಎಷ್ಟೋ ಸಲ ಎದ್ದಿದ್ದೇನೆ. ಹಾಲಿಗೆ, ಕೊರಿಯರ್‌ನವನಿಗೆ, ಒಮ್ಮೆ ತೆಂಗಿನ ಮರದಿಂದ ಇಳಿಯಲಾಗದೆ ಕೂಗುತ್ತಿದ್ದ ಬೆಕ್ಕಿಗೆ.

ಹಾಲು ಉಕ್ಕುವುದು ಗೊತ್ತಾಯಿತು ಅಂದರೆ ನೀವು ಎಚ್ಚರವಾಗಿದ್ದಿರಿ ಅಂತ. ಅದೇ ಧ್ಯಾನ. ಗೊತ್ತಾಗಿಯೂ ಫಲದ ಲೆಕ್ಕ ಹಾಕುತ್ತಾ ಕೂತಿರಲ್ಲ, ಅಲ್ಲಿ ಎಡವಿದಿರಿ. ಅದು ಬಿಡಿ, ಹಾಲು ಇಡುವ ಮೊದಲು ಕೂತರಾಯಿತು. ಎಂಟು ನಿಮಿಷವಾದರೂ ಸಾಕು.

ನನಗೆ ಕಾಣುವುದು ಬೇರೆ ವಿಷಯ. ಧೈರ್ಯ ಬರಲಿ, ಆಮೇಲೆ ಹಪ್ಪಳ ಮಾಡುತ್ತೇನೆ ಅಂತ ಕಾಯುತ್ತಿದ್ದೀರಿ. ಧೈರ್ಯ ಹಾಗೆ ಮೊದಲು ಬಂದು ಬಾಗಿಲು ತಟ್ಟುವುದನ್ನು ನಾನಂತೂ ಕಂಡಿಲ್ಲ. ಈ ಬಿಸಿಲಿಗೆ ಎರಡು ಕಿಲೋ ಉದ್ದಿನ ಹಪ್ಪಳ ಒತ್ತಿ. ಎರಡೇ ಕಿಲೋ. ಹೊಗಳಿದ ಅಕ್ಕಪಕ್ಕದವರಿಗೇ ದುಡ್ಡು ತೆಗೆದುಕೊಂಡು ಕೊಡಿ. ಬಿಟ್ಟಿ ಹಪ್ಪಳದ ರುಚಿ ಎಲ್ಲರೂ ಹೊಗಳುತ್ತಾರೆ. ದುಡ್ಡು ಕೊಟ್ಟವರು ಎರಡನೇ ಸಲ ಕೇಳಿಕೊಂಡು ಬಂದರೆ ನನಗೆ ಬರೆಯಿರಿ. ನನಗೂ ಅರ್ಧ ಕಿಲೋ ಬೇಕು, ಮೆಣಸು ಮುಂದಾಗಿರಲಿ.

ಪ್ರಶ್ನೆ: ನಾನು ನರ್ಸ್. ವಾರದಲ್ಲಿ ಮೂರು ನೈಟ್ ಡ್ಯೂಟಿ. ಜೊತೆಗೆ ಎಂ.ಎಸ್ಸಿ. ನರ್ಸಿಂಗ್ ಮಾಡಬೇಕೆಂಬ ಆಸೆಯಿಂದ ಓದುತ್ತಿದ್ದೇನೆ. ಧ್ಯಾನಕ್ಕೆ ಕೂತ ಎರಡೇ ನಿಮಿಷಕ್ಕೆ ನಿದ್ದೆ. ನನ್ನಲ್ಲಿ ಏಕಾಗ್ರತೆಯೇ ಇಲ್ಲವಾ? (ಮಂಗಳೂರು)

ಉತ್ತರ: ಏಕಾಗ್ರತೆಗೇನೂ ಆಗಿಲ್ಲ, ನಿಮಗೆ ನಿದ್ದೆ ಸಾಲದು. ಮಲಗಿ. ಎದ್ದ ಮೇಲೆ ನೋಡೋಣ.

ಪ್ರಶ್ನೆ: ಧ್ಯಾನ ಮಾಡಿದರೆ ಪಾಸಿಟಿವ್ ಆಗುತ್ತೇವೆ ಅನ್ನುವುದನ್ನು ವಿಜ್ಞಾನ ಒಪ್ಪಿದೆಯೇ, ಅಥವಾ ಎಲ್ಲ ವ್ಯಾಪಾರವೇ? (ಉಡುಪಿ)

ಉತ್ತರ: ಎರಡೂ ಅಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 2014ರಲ್ಲಿ 47 ಪ್ರಯೋಗಗಳನ್ನು ಒಟ್ಟಿಗಿಟ್ಟು ತೂಗಿ ನೋಡಿದರು. ಸುಮಾರು 3,500 ಜನ ಅವುಗಳಲ್ಲಿ ಇದ್ದರು. ಆತಂಕ, ಖಿನ್ನತೆ, ನೋವು, ಈ ಮೂರು ಸ್ವಲ್ಪ ಕಡಿಮೆಯಾಗುತ್ತವೆ ಅನ್ನಲು ತಕ್ಕಮಟ್ಟಿನ ಪುರಾವೆ ಸಿಕ್ಕಿತು. ಸ್ವಲ್ಪ, ನೆನಪಿರಲಿ. ಆದರೆ ಖುಷಿ ಹೆಚ್ಚುತ್ತದೆ, ಗಮನ ಹೆಚ್ಚುತ್ತದೆ ಅನ್ನಲು ಆಗ ಪುರಾವೆ ಸಿಗಲಿಲ್ಲ. ನೋವಿನ ಮುಳ್ಳು ಕೊಂಚ ಮೊಂಡಾಗುತ್ತದೆ, ಹೂವು ಅರಳುತ್ತದೆ ಅಂತ ಗ್ಯಾರಂಟಿ ಇಲ್ಲ. ನನಗಂತೂ ಅಷ್ಟು ಸಾಕಾಗಿದೆ. ಮೂರು ತಿಂಗಳಲ್ಲಿ ಮುಖದಲ್ಲಿ ತೇಜಸ್ಸು ಅಂತ ಯಾರಾದರೂ ಐದು ಸಾವಿರ ಕೇಳಿದರೆ, ಆ ದುಡ್ಡಿಗೆ ಮೊಮ್ಮಗುವಿಗೊಂದು ಸೈಕಲ್ ಕೊಡಿಸಿ.

ಪ್ರಶ್ನೆ: ಹನ್ನೊಂದು ವರ್ಷದಿಂದ ಸಾಫ್ಟ್‌ವೇರ್ ಕೆಲಸ. ಕೆಲಸ ಬಿಟ್ಟು ಊರಲ್ಲಿ, ತಿಪಟೂರಿನ ಹತ್ತಿರ, ತೆಂಗಿನ ತೋಟದಲ್ಲೇ ಗಾಣ ಹಾಕಬೇಕೆಂಬ ಕನಸು. ಹತ್ತು ದಿನದ ವಿಪಶ್ಯನ ಧ್ಯಾನ ಶಿಬಿರಕ್ಕೆ ಹೋಗಿ ಬಂದರೆ ನಿರ್ಧಾರ ಸ್ಪಷ್ಟವಾಗುತ್ತದೆ ಅಂತ ಗೆಳೆಯ ಹೇಳುತ್ತಾನೆ. ನೀವು ಹೋಗಿದ್ದೀರಂತೆ? (ಬೆಂಗಳೂರು)

ಉತ್ತರ: ಹೋಗಿದ್ದೆ. 2011ರ ಬೇಸಿಗೆ ರಜೆಯಲ್ಲಿ, ತುಮಕೂರು ರಸ್ತೆಯ ಆಚೆ ಆಲೂರಿನ ಧಮ್ಮ ಪಫುಲ್ಲ ಕೇಂದ್ರಕ್ಕೆ. ಫೀಸಿಲ್ಲ, ಮುಗಿದ ಮೇಲೆ ಮನಸ್ಸಿದ್ದರೆ ದಾನ. ಬೆಳಿಗ್ಗೆ ನಾಲ್ಕಕ್ಕೆ ಗಂಟೆ. ದಿನಕ್ಕೆ ಹತ್ತು ಗಂಟೆಯಷ್ಟು ಕೂರುವುದು. ಫೋನು, ಪುಸ್ತಕ, ಪೆನ್ನು ಎಲ್ಲ ಒಳಗಿಟ್ಟುಕೊಳ್ಳುತ್ತಾರೆ. ಮಾತಿಲ್ಲ, ಕಣ್ಸನ್ನೆಯೂ ಇಲ್ಲ. ಹತ್ತನೇ ದಿನ ಮಾತು ಬಿಟ್ಟಾಗ ನೋಡಬೇಕು, ಕಾಗೆ ಗೂಡಿಗೆ ಕಲ್ಲು ಹೊಡೆದ ಹಾಗೆ! ಎಲ್ಲರಿಗಿಂತ ಜೋರಾಗಿ ಮಾತಾಡಿದವಳು ನಾನೇ.

ಮೊದಲ ಮೂರು ದಿನ ಬರೀ ಉಸಿರು. ಆ ಮೂರು ದಿನದಲ್ಲಿ ನಾನು ಮಗಳ ಮದುವೆಯನ್ನು ಛತ್ರದಿಂದ ಹಿಡಿದು ಎಲೆಯ ತುದಿಯ ಉಪ್ಪಿನಕಾಯಿವರೆಗೆ ಮುಗಿಸಿದೆ. ಮಗಳು ಆಗಿನ್ನೂ ಸೆಕೆಂಡ್ ಪಿಯುಸಿ. ನಾಲ್ಕನೇ ದಿನದಿಂದ ದಿನಕ್ಕೆ ಮೂರು ಸಲ, ಒಂದೊಂದು ಗಂಟೆ ಅಲುಗಾಡದೆ ಕೂರಬೇಕು. ನನ್ನ ಎಡ ಮಂಡಿ ಮೊದಲಿಂದಲೂ ಕಿರಿಕಿರಿ. ಅರ್ಧ ಗಂಟೆ ಆಗುವಾಗ ಕೆಂಡ ಇಟ್ಟ ಹಾಗೆ. ಐದನೇ ದಿನವೋ ಆರನೇ ದಿನವೋ, ಬೇರೆ ದಾರಿಯಿಲ್ಲದೆ ಆ ನೋವನ್ನೇ ನೋಡುತ್ತಾ ಕೂತೆ. ನೋಡನೋಡುತ್ತಾ ಅದು ಒಂದು ನೋವಾಗಿ ಉಳಿಯಲಿಲ್ಲ. ಒಂದು ಕಡೆ ಬಿಸಿ, ಒಂದು ಕಡೆ ಚುಚ್ಚು, ನಡುವೆ ಏನೂ ಇಲ್ಲದ ಜಾಗ. ಇವಕ್ಕೆಲ್ಲ ಸೇರಿಸಿ ನೋವು ಅಂತ ಹೆಸರಿಟ್ಟಿದ್ದು ನಾನು. ಇನ್ನು ತಡೆಯಲಾರೆ ಅನ್ನುವುದಂತೂ ಮಂಡಿಯಲ್ಲಿ ಇರಲೇ ಇಲ್ಲ, ತಲೆಯಲ್ಲಿತ್ತು. ಮಂಡಿ ವಾಸಿಯಾಯಿತಾ? ಇಲ್ಲ, ಈಗಲೂ ಕುರ್ಚಿಯ ಮೇಲೇ ಕೂರುತ್ತೇನೆ. ಆದರೆ ಆ ಮಧ್ಯಾಹ್ನ ಕಂಡದ್ದನ್ನು ಮರೆತಿಲ್ಲ.

ಗಾಣದ ವಿಷಯ. ಎಣ್ಣೆಯ ರೇಟು, ಕರೆಂಟು, ಬ್ಯಾಂಕಿನ ಸಾಲ, ಹೆಂಡತಿಯ ಅಭಿಪ್ರಾಯ, ಇವು ಯಾವುವೂ ಕಣ್ಣು ಮುಚ್ಚಿದರೆ ಕಾಣುವುದಿಲ್ಲ. ಕಣ್ಣು ಬಿಟ್ಟು ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಲ್ಲಿ ಹತ್ತು ದಿನ ನಿಲ್ಲಿ, ಆಗ ಕಾಣುತ್ತದೆ. ಶಿಬಿರಕ್ಕೂ ಹೋಗಿ, ಬೇಡ ಅನ್ನಲ್ಲ. ಆದರೆ ಉತ್ತರ ತರಲು ಹೋಗಬೇಡಿ. ಬಂದ ಮಾರನೇ ದಿನವೇ ರಾಜೀನಾಮೆ ಕೊಡಲೂ ಬೇಡಿ. ಹತ್ತು ದಿನ ಮಾತಿಲ್ಲದೆ ಕೂತವರಿಗೆ ಎಲ್ಲವೂ ಸಲೀಸು ಅನ್ನಿಸುವ ಒಂದು ವಾರ ಇರುತ್ತದೆ. ನಾನು ಆ ವಾರದಲ್ಲಿ ಓರಗಿತ್ತಿಯ ಜೊತೆ ಹಳೇ ಜಗಳವೆಲ್ಲ ಮುಗಿಯಿತು ಅಂದುಕೊಂಡು ಫೋನ್ ಮಾಡಿದೆ. ಹೊಸ ಜಗಳ ಶುರುವಾಯಿತು.

ಇನ್ನೊಂದು ಕೇಳಿ. ಈ ಶಿಬಿರಗಳನ್ನು ಕಟ್ಟಿದ ಎಸ್.ಎನ್. ಗೋಯೆಂಕಾ ಬರ್ಮಾದಲ್ಲಿ ಹುಟ್ಟಿ ಬೆಳೆದ ವ್ಯಾಪಾರಿ. ತಡೆಯಲಾಗದ ತಲೆನೋವು ಅಂತ ಧ್ಯಾನಕ್ಕೆ ಬಂದವರು. ಅವರ ಗುರು ಊ ಬಾ ಕಿನ್ ಯಾರು ಗೊತ್ತಾ? ಬರ್ಮಾ ಸರ್ಕಾರದ ಅಕೌಂಟೆಂಟ್ ಜನರಲ್. ಲೆಕ್ಕಪತ್ರ ನೋಡುತ್ತಲೇ ಧ್ಯಾನ ಮಾಡಿದರು, ಆಫೀಸಿನವರಿಗೂ ಕಲಿಸಿದರು. ಲೆಕ್ಕದವರ ಬಗ್ಗೆ ನನಗೆ ಮೊದಲಿಂದಲೂ ಒಂದು ಪಕ್ಷಪಾತ ಇದೆ, ಕ್ಷಮಿಸಿ.

ಪ್ರಶ್ನೆ: ನನಗೆ 49. ಮಕ್ಕಳು ಓದಿಗೆ ಹೋದ ಮೇಲೆ ಸಂಗೀತ ಶುರು ಮಾಡಿದೆ. ಹೋದ ವರ್ಷ ಸೀನಿಯರ್ ಪರೀಕ್ಷೆಯಲ್ಲಿ ಫೇಲಾದೆ. ನಾದಿನಿ ಎಲ್ಲರ ಮುಂದೆ ನಕ್ಕಳು. ಈಗ ತಂಬೂರಿ ಆ್ಯಪ್ ಹಾಕಿದರೆ ಸಾಕು, ಆ ನಗು ಕಿವಿಯಲ್ಲಿ. ನೀವು ವೀಣೆ ಕಲಿತದ್ದೂ ತಡವಾಗಿಯಂತೆ. ಧ್ಯಾನದಿಂದ ನಿಮಗೆ ಸಹಾಯ ಆಯಿತಾ? ನಿಜ ಹೇಳಿ. (ಸಾಗರ)

ಉತ್ತರ: ನಿಜವನ್ನೇ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ.

ನಾನು ವೀಣೆ ಹಿಡಿದದ್ದು 46ಕ್ಕೆ. ಹಲಸಿನ ಮರದ ವೀಣೆ, 24 ಮೆಟ್ಟಿಲು, ಏಳು ತಂತಿ. ಮೊದಲ ವರ್ಷ ಬರೀ ಸರಳೆ, ಜಂಟಿ ಅನ್ನುವ ಆರಂಭದ ಪಾಠಗಳು. ಎಡಗೈ ಬೆರಳ ತುದಿಯಲ್ಲಿ ತಂತಿಯ ಗೀರು ಬಿದ್ದು, ಚಪಾತಿ ಹಿಟ್ಟು ನಾದಿದರೆ ಉಪ್ಪು ತಾಗಿ ಉರಿ. ಕೊಬ್ಬರಿ ಎಣ್ಣೆ ಹಚ್ಚಿಕೊಂಡು ನುಡಿಸುತ್ತಿದ್ದೆ. ಸೀನಿಯರ್ ಪರೀಕ್ಷೆಗೆ ಕೂತಾಗ ನನಗೆ 52. ಹೊರಗೆ ಬೆಂಚಿನ ಮೇಲೆ ರೇಷ್ಮೆ ಲಂಗದ ಹುಡುಗಿಯರ ಸಾಲು. ಪಕ್ಕದವಳು ಕೇಳಿದಳು, "ಆಂಟೀ, ನಿಮ್ಮ ಮಗಳದ್ದು ಎಷ್ಟನೇ ನಂಬರ್?" ಮಗಳದ್ದಲ್ಲ ಪುಟ್ಟಾ, ನನ್ನದೇ, ಹನ್ನೊಂದು ಅಂದೆ. ಪಾಪ, ಅವಳಿಗೇ ನಾಚಿಕೆಯಾಯಿತು.

ಒಳಗೆ ಭೈರವಿ ರಾಗದ, ಅಟತಾಳದ ವರ್ಣ ಅನ್ನುವ ರಚನೆ ಕೇಳಿದರು. ಅಟತಾಳ ಅಂದರೆ ಐದು, ಐದು, ಎರಡು, ಎರಡು. ಒಟ್ಟು ಹದಿನಾಲ್ಕು. ಲೆಕ್ಕದ ಟೀಚರಿಗೆ ಹದಿನಾಲ್ಕು ಒಂದು ಲೆಕ್ಕವಾ? ಆದರೆ ಭೈರವಿ ಮೋಸದ ರಾಗ. ಸ್ವರ ಹತ್ತುವಾಗ ಒಂದು ಧೈವತ, ಅಂದರೆ ಒಂದು ‘ದ’, ಇಳಿಯುವಾಗ ಇನ್ನೊಂದು. ವೀಣೆಯಲ್ಲಿ ಎರಡೂ ಅಕ್ಕಪಕ್ಕದ ಮೆಟ್ಟಿಲು. ವರ್ಣದ ಮೊದಲರ್ಧ ಮುಗಿಸುವ ಮುಕ್ತಾಯಿ ಸ್ವರದಲ್ಲಿ ಬೆರಳು ಬೆವೆತು ಇಳಿಯುವ ಕಡೆ ಹತ್ತುವ ಧೈವತ ಹಿಡಿದೆ. ಕಿವಿಗೆ ಗೊತ್ತಾಯಿತು. ಕೈ ನಿಂತಿತು. ಪರೀಕ್ಷಕರು ಬೈಯಲೂ ಇಲ್ಲ, ಮುಂದುವರಿಸಿ ಅಂದರು. ನಾನೇ ಸಾರಿ ಅಂತ ಹೇಳಿ ವೀಣೆ ಕೆಳಗಿಟ್ಟು ಎದ್ದುಬಿಟ್ಟೆ. ಫೇಲ್. ಎಂಟನೇ ಕ್ಲಾಸಿನ ಹುಡುಗರಿಗೆ ಗೊತ್ತಿದ್ದಷ್ಟು ಬರೆಯಿರೋ, ಹಾಳೆ ಖಾಲಿ ಬಿಡಬೇಡಿ ಅಂತ 31 ವರ್ಷ ಹೇಳಿದವಳು ನಾನು.

ಮರುವರ್ಷ ಅದೇ ವರ್ಣ. ನಂಬುತ್ತೀರೋ ಇಲ್ಲವೋ, ಅದೇ ಜಾಗದಲ್ಲಿ ಮತ್ತೆ ತಪ್ಪಿದೆ. ಎದ್ದು ಹೋಗಿಬಿಡು ಅನ್ನುವ ಯೋಚನೆ ಅದೇ ದನಿಯಲ್ಲಿ ಬಂತು. ಹೋದ ಸಲ ಅದು ಬಂದದ್ದೂ ಗೊತ್ತಾಗಿರಲಿಲ್ಲ, ಎದ್ದಿದ್ದೆ ಅಷ್ಟೇ. ಈ ಸಲ ಅದು ಬರುವುದು ಕಂಡಿತು. ಓಹೋ, ಬಂದೆಯಾ ಅನ್ನುವಷ್ಟು ಹೊತ್ತು ಸಿಕ್ಕಿತು. ಒಂದು ಉಸಿರು ಬಿಟ್ಟೆ. ಬಲಗೈಯ ಕಿರುಬೆರಳು ತಾಳದ ತಂತಿ ಮೀಟುತ್ತಲೇ ಇತ್ತು. ಮುಂದಿನ ಆವರ್ತದ, ಅಂದರೆ ತಾಳದ ಮುಂದಿನ ಸುತ್ತಿನ, ಎತ್ತುಗಡೆಗೆ ಸೇರಿಕೊಂಡೆ. ಎರಡನೇ ದರ್ಜೆಯಲ್ಲಿ ಪಾಸಾದೆ. ಆ ರೇಷ್ಮೆ ಲಂಗದ ಹುಡುಗಿಯದು ಮೊದಲನೇ ದರ್ಜೆ ಅಂತ ಆಮೇಲೆ ಗೊತ್ತಾಯಿತು, ಆ ವಯಸ್ಸಿನ ಬೆರಳೇ ಬೇರೆ.

ಧ್ಯಾನದಿಂದ ಸಹಾಯ ಆಯಿತಾ ಅಂದರೆ, ಆ ಒಂದು ಉಸಿರಿನಷ್ಟು ಆಯಿತು. ಉಳಿದದ್ದೆಲ್ಲ ಆ ವರ್ಷ ದಿನಾ ಅದೇ ಮುಕ್ತಾಯಿ ಸ್ವರ ನುಡಿಸಿ ನುಡಿಸಿ, ನಮ್ಮ ಮನೆಯವರು ಬಾತ್‌ರೂಮಿನಲ್ಲಿ ಅದನ್ನೇ ಹಾಡಿಕೊಳ್ಳುವಂತಾಗಿದ್ದು.

ನಾದಿನಿಯ ನಗು ಹೋಗಲ್ಲ. ತಂಬೂರಿ ಹಾಕಿ, ಹಾಡುವ ಮೊದಲು ಸುಮ್ಮನೆ ಶ್ರುತಿ ಕೇಳುತ್ತಾ ಕೂರಿ. ನಗು ಬಂದರೆ ಬರಲಿ. ಅದು ಯಾವ ಶ್ರುತಿಯಲ್ಲಿದೆ ನೋಡಿ. ನಾನು ತಮಾಷೆ ಮಾಡುತ್ತಿಲ್ಲ, ನಿಜವಾಗಿ ಕೇಳಿ ನೋಡಿ. ಆಮೇಲೆ ಷಡ್ಜಕ್ಕೆ ದನಿ ಸೇರಿಸಿ. ಮತ್ತೆ ಪರೀಕ್ಷೆ ಕಟ್ಟುತ್ತೀರಿ ತಾನೇ?

ಪ್ರಶ್ನೆ: ಎರಡು ತಿಂಗಳಿಂದ ಯಾವುದರಲ್ಲೂ ಆಸಕ್ತಿ ಇಲ್ಲ. ಸ್ವಂತ ಟೈಲರಿಂಗ್ ಅಂಗಡಿ ಹಾಕಬೇಕು ಅಂತಿದ್ದವಳು, ಈಗ ಮಿಷನ್ ಮುಟ್ಟಿಲ್ಲ. ಬೆಳಗಿನ ಜಾವ ಮೂರಕ್ಕೆ ಎಚ್ಚರ. ಪಾಸಿಟಿವ್ ಆಗಿ ಯೋಚಿಸು, ಧ್ಯಾನ ಮಾಡು ಅಂತ ಮನೆಯಲ್ಲಿ ಹೇಳುತ್ತಾರೆ. ಕಣ್ಣು ಮುಚ್ಚಿದರೆ ಇನ್ನೂ ಜಾಸ್ತಿ ಭಯ. ನಾನು ಸರಿಯಾಗಿ ಮಾಡುತ್ತಿಲ್ಲವೇನೋ. (ಬಳ್ಳಾರಿ)

ಉತ್ತರ: ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ನೀವು ತಪ್ಪು ಮಾಡುತ್ತಿಲ್ಲ. ಸದ್ಯಕ್ಕೆ ಕಣ್ಣು ಮುಚ್ಚಿ ಕೂರುವುದನ್ನು ನಿಲ್ಲಿಸಿ. ಎಲ್ಲರಿಗೂ ಎಲ್ಲ ಹೊತ್ತಿನಲ್ಲೂ ಧ್ಯಾನ ಹೊಂದುವುದಿಲ್ಲ, ಕೆಲವರಿಗೆ ಅದರಿಂದ ಭಯ ಹೆಚ್ಚುವುದೂ ಉಂಟು.

ಎರಡು ತಿಂಗಳು ಆಸಕ್ತಿ ಇಲ್ಲದಿರುವುದು, ಜಾವದಲ್ಲಿ ಎಚ್ಚರವಾಗುವುದು, ಇದನ್ನು ಡಾಕ್ಟರಿಗೆ ತೋರಿಸಬೇಕು. ಜ್ವರ ಬಂದರೆ ತೋರಿಸಲ್ವಾ, ಹಾಗೇ. ಈ ವಾರವೇ ಜಿಲ್ಲಾ ಆಸ್ಪತ್ರೆಗೆ ಹೋಗಿ, ಮಾನಸಿಕ ಆರೋಗ್ಯದ ವಿಭಾಗ ಎಲ್ಲಿ ಅಂತ ಕೇಳಿ. ದೇಶಕ್ಕೆಲ್ಲ ಮಾದರಿಯಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1980ರ ದಶಕದಲ್ಲಿ ರೂಪುಗೊಂಡದ್ದು ನಿಮ್ಮ ಬಳ್ಳಾರಿಯಲ್ಲೇ, ನಿಮ್ಹಾನ್ಸ್‌ನವರ ಕೈಯಲ್ಲಿ. ನಿಮ್ಮೂರಿನವರು ಹೀಗೆ ಡಾಕ್ಟರ ಹತ್ತಿರ ಹೋಗುವುದು ಹೊಸದೇನಲ್ಲ. ಹೋಗುವವರೆಗೆ, ಅಥವಾ ಜಾವ ಮೂರಕ್ಕೆ ಯಾರ ಜೊತೆಗಾದರೂ ಮಾತಾಡಬೇಕು ಅನ್ನಿಸಿದರೆ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರಿನಿಂದ ನಡೆಯುತ್ತಿದೆ. ದುಡ್ಡಿಲ್ಲ, ರಾತ್ರಿಯೂ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಅನ್ನುವಂಥ ಯೋಚನೆ ಬಂದರಂತೂ ಒಂದು ನಿಮಿಷವೂ ಒಬ್ಬರೇ ಇರಬೇಡಿ.

ಮನೆಯವರಿಗೆ: ಅವಳಿಗೆ ಪಾಸಿಟಿವ್ ಆಗಿರು ಅನ್ನುವುದನ್ನು ದಯವಿಟ್ಟು ನಿಲ್ಲಿಸಿ. ಕಾಲು ಮುರಿದವರಿಗೆ ಓಡು ಅನ್ನುತ್ತೀರಾ? ಜೊತೆಗೆ ಆಸ್ಪತ್ರೆಗೆ ಹೋಗಿ. ಮಿಷನ್ನಿಗೆ ಬಟ್ಟೆ ಮುಚ್ಚಿಡಿ, ಮಾರಬೇಡಿ.

ಪ್ರಶ್ನೆ: ಟೀಚರ್, ನಾನು ಎಂಟನೇ ತರಗತಿ. ನಮ್ಮ ಶಾಲೆಯಲ್ಲಿ ಪ್ರಾರ್ಥನೆ ಆದ ಮೇಲೆ ಐದು ನಿಮಿಷ ಧ್ಯಾನ ಮಾಡಿಸುತ್ತಾರೆ. ಕಣ್ಣು ಮುಚ್ಚಿದರೆ ನನಗೆ ಕ್ರಿಕೆಟ್ಟೇ ಕಾಣುತ್ತೆ. ಇದು ತಪ್ಪಾ? ನಾನು ಹುಡುಗಿ. (ವಿಜಯಪುರ)

ಉತ್ತರ: ತಪ್ಪಲ್ಲ ಪುಟ್ಟಾ. ಕ್ರಿಕೆಟ್ ಕಂಡಿತು ಅಂತ ಗೊತ್ತಾದ ಕೂಡಲೇ ಒಂದು ಸಲ ಉಸಿರು ನೋಡು. ಮತ್ತೆ ಕ್ರಿಕೆಟ್ ಬರುತ್ತೆ, ಮತ್ತೆ ಉಸಿರು ನೋಡು. ಐದು ನಿಮಿಷದಲ್ಲಿ ಮೂವತ್ತು ಸಲ ಹೀಗಾದರೂ ಸರಿ. ಉಳಿದ ಕ್ರಿಕೆಟ್ಟನ್ನು ಸಂಜೆ ಮೈದಾನದಲ್ಲಿ ಆಡು.

ನಿನ್ನ ಕೊನೆಯ ಸಾಲು ಯಾಕೆ ಬರೆದೆ ಅಂತ ಗೊತ್ತಾಯಿತು. ನಿಮ್ಮ ವಿಜಯಪುರದವರೇ ರಾಜೇಶ್ವರಿ ಗಾಯಕ್ವಾಡ್, ಎಡಗೈ ಸ್ಪಿನ್ನರ್. 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ಬರೀ 15 ರನ್ ಕೊಟ್ಟು 5 ವಿಕೆಟ್ ತೆಗೆದರು. ಮನೆಯಲ್ಲಿ ಯಾರಾದರೂ ಹುಡುಗಿಗೆ ಯಾಕೆ ಕ್ರಿಕೆಟ್ಟು ಅಂದರೆ ಇದನ್ನು ಓದಿ ಹೇಳು.

ಆದರೆ ಮುಖ್ಯವಾದದ್ದನ್ನೇ ಬರೆದಿಲ್ಲವಲ್ಲ ನೀನು. ಕಣ್ಣು ಮುಚ್ಚಿದಾಗ ಬ್ಯಾಟಿಂಗಾ, ಬೌಲಿಂಗಾ? ಮುಂದಿನ ಕಾಗದದಲ್ಲಿ ತಿಳಿಸು.